ಗದ್ದ ಊರಿ ಕೇಳುವ ಮಿಷನ್ನು

ತಂತಿ ಮೇಡಂ ತೀರಿಕೊಂಡ ಮೇಲೆ ನಮ್ಮ ಬೀದಿಯವರೆಲ್ಲ ಅವರ ನೆನಪಿಗೆಂದು ಒಂದೊಂದು ಸಾಮಾನು ಪಡೆದರು. ಎದುರುಮನೆಯವರಿಗೆ ತಾಮ್ರದ ಹಂಡೆ ಬಂತು, ಮೂಲೆಮನೆಯವರಿಗೆ ಕರಿಬೇವಿನ ಕುಂಡ, ನಮ್ಮವ್ವನಿಗೆ ಇಡ್ಲಿ ಪಾತ್ರೆ. ನನ್ನ ಪಾಲಿನದನ್ನು ತರಲು ನಾಲ್ಕು ಜನ ಹೆಗಲು ಕೊಡಬೇಕಾಯಿತು. ಅರ್ಧ ದಾರಿಯಲ್ಲಿ ಅದನ್ನು ಇಳಿಸಿ ಬೆವರು ಒರೆಸಿಕೊಳ್ಳುತ್ತ ಅವರಲ್ಲೊಬ್ಬ, “ಮೇಡಮ್ಮೋರನ್ನ ಒತ್ಕಂಡೋದಾಗ್ಲೂ ಇಷ್ಟು ಭಾರ ಇರ್ನಿಲ್ಲ ಕಣ್ಲಾ” ಅಂದ.

ಅದು ಟೆಲಿಪ್ರಿಂಟರ್. ಈ ಊರಲ್ಲಿ ಕೀ ಒತ್ತಿದರೆ ಇನ್ನೊಂದು ಊರಲ್ಲಿ ಅಂಥದೇ ಮಿಷನ್ನು ತನ್ನಷ್ಟಕ್ಕೆ ತಾನೇ ಕಾಗದದ ಮೇಲೆ ಟೈಪು ಹೊಡೆಯುವ ಯಂತ್ರ. ತಂತಿ ಆಫೀಸುಗಳಲ್ಲಿ ಟೆಲಿಗ್ರಾಂಗಳು ಇದರ ಮೇಲೇ ಓಡಾಡುತ್ತಿದ್ದವಂತೆ. ‘ಅಂತೆ’ ಎನ್ನುತ್ತೇನೆ, ಏಕೆಂದರೆ ನಾನು ಹುಟ್ಟುವಷ್ಟರಲ್ಲಿ ಅವು ಗುಜರಿಗೆ ಬಿದ್ದಾಗಿತ್ತು. ನಮ್ಮವ್ವನ ಪ್ರಕಾರ ಈಗಲೂ ಗುಜರಿಯೇ; ವಿಳಾಸ ಮಾತ್ರ ನಮ್ಮ ಮನೆಯದು.

ಮೇಡಮ್ಮಿನ ಹೆಸರನ್ನು ನಾನು ಬರೆಯುವುದಿಲ್ಲ. ಪದಕ್ಕಿಷ್ಟು ಎಂದು ದುಡ್ಡು ಬೀಳುತ್ತಿದ್ದ ಟೆಲಿಗ್ರಾಂ ಕೊಡಲು ಬಂದವರ ಮಾತುಗಳನ್ನು ಜೀವಮಾನವಿಡೀ ಕತ್ತರಿಸಿದವರು ಅವರು. “ಎಸ್ರು ವಿಳಾಸದಲ್ಲಿ ಬಂತಲ್ಲ, ಒಳಗ್ಯಾಕೆ ಮತ್ತೆ? ದಂಡ” ಅನ್ನುತ್ತಿದ್ದರು. ಕೊಳ್ಳೇಗಾಲದ ತಂತಿ ಆಫೀಸಿನಲ್ಲಿ ಕೂದಲು ಕಪ್ಪಿದ್ದಾಗ ಕೂತು ಬೆಳ್ಳಗಾದಾಗ ಎದ್ದು ಬಂದವರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ “ಲೈನ್ ಸಿಗ್ನಿಲ್ಲ” ಎಂದು ಉತ್ತರ ಕೊಟ್ಟು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ನಾನು ಹಗಲು ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್‌ಗಾರ್ಡ್ ಅಂಟಿಸುವವನು, ಸಂಜೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುವವನು. ಹನೂರಿನ ಬಸ್ಸು ದಿಬ್ಬ ಹತ್ತುವಾಗ ಮಾಡುವ ಸದ್ದು, ಆ ಬಸ್ಸಿನ ಕಂಡಕ್ಟರು ಚಿಲ್ಲರೆ ಕೊಡದವರ ಮುಂದೆ ಮಾಡುವ ಸದ್ದು, ಎರಡೂ ನನಗೆ ಬರುತ್ತವೆ. ಬೀದಿಯಲ್ಲಿ ನಾನು ಅಣಕಿಸದೆ ಬಿಟ್ಟವರಿಲ್ಲ. ನನ್ನನ್ನೂ ಬಿಟ್ಟಿಲ್ಲ. ಮೂಗಿನಲ್ಲಿ ಮಾತಾಡುತ್ತ, ನಡುನಡುವೆ ಎಂಜಲು ನುಂಗುತ್ತ, ಹುಡುಗಿಯರು ಎದುರಾದರೆ ಅರ್ಧ ಸ್ವರ ಮೇಲೇರುವ ನನ್ನ ದನಿಯನ್ನು ನಾನೇ ಮಾಡಿ ತೋರಿಸಿದಾಗ ಅವ್ವ ಒಳಗಿನಿಂದ, “ಯಾರ್ಲಾ ಆ ಕತ್ತೆ, ಕಳ್ಸಲಾ ಅವ್ನ” ಅಂದಿದ್ದಾಳೆ.

ತಂತಿ ಮೇಡಮ್ಮಿನ ದನಿ ಮಾತ್ರ ನನಗೆ ಸಿಗಲಿಲ್ಲ. ಅದರಲ್ಲಿ ಏರು ಇಲ್ಲ, ಇಳಿವು ಇಲ್ಲ. ಎಲ್ಲ ಪದವೂ ಒಂದೇ ಎತ್ತರ, ಒಂದೇ ಗಾತ್ರ, ಬೇಲಿಗೆ ನೆಟ್ಟ ಗೂಟಗಳ ಹಾಗೆ. ಇಷ್ಟು ಸುಲಭದ್ದು ಇನ್ನೊಂದಿಲ್ಲ ಅಂದುಕೊಂಡು ಬಾಯಿ ತೆರೆದರೆ ನನ್ನ ದನಿ ಎಲ್ಲೋ ಒಂದು ಕಡೆ ಕುಣಿದುಬಿಡುತ್ತಿತ್ತು. ಅವರ ಮುಂದೆಯೇ ಒಂದು ಸಲ ಪ್ರಯತ್ನಿಸಿದೆ. ನನ್ನ ಮುಖವನ್ನು ಕೊನೆಯವರೆಗೆ ನೋಡಿ, “ಇದು ನಿಮ್ಮವ್ವ” ಅಂದರು.

ಅವರ ಪರಿಚಯವಾದದ್ದೂ ಅಣಕದಿಂದಲೇ. ಒಂದು ಸಂಜೆ ಅವರ ಮನೆಯ ಮುಂದೆ ನಾಲ್ಕು ಜನರನ್ನು ನಿಲ್ಲಿಸಿಕೊಂಡು ಕಂಡಕ್ಟರನ ಐಟಂ ಮಾಡುತ್ತಿದ್ದೆ. ಮೇಡಂ ಜಗಲಿಯ ಮೇಲಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ಎಲ್ಲರೂ ನಕ್ಕರು. ಅವರು ಉಳಿದವರ ಮುಖ ನೋಡಿಕೊಂಡು ಸ್ವಲ್ಪ ತಡವಾಗಿ ನಕ್ಕರು. ಆಮೇಲೆ ಬೆರಳಾಡಿಸಿ ಕರೆದರು.

“ಲೇ ಕೋತಿ. ಬಾ. ಕುಂತ್ಕ.”

ಒಳಗೆ ನಡುಮನೆಯಲ್ಲಿ ಒಂದು ದಪ್ಪ ಹಲಗೆಯ ಟೇಬಲ್ಲು. ಅದರ ಮೇಲೆ ಬಣ್ಣ ಸರಿಯಾಗಿ ಹಿಡಿಯದೆ ಉಳಿದ ಒಂದು ರೇಷ್ಮೆ ಸೀರೆ ಹೊದ್ದುಕೊಂಡು ಏನೋ ಕೂತಿತ್ತು. ಮದುವಣಗಿತ್ತಿಯ ಸೆರಗು ಸರಿಸುವ ಹಾಗೆ ಮೇಡಂ ಸೀರೆ ಸರಿಸಿದರು.

“ಇದೇನ್ ಮೇಡಂ, ಜೆರಾಕ್ಸ್ ಮಿಷನ್ನಾ?”

“ನಿಮ್ಮಪ್ಪ ಜೆರಾಕ್ಸು. ಟೆಲಿಪ್ರಿಂಟರು. ಮುಟ್ಬೇಡ.”

ಆಫೀಸಿನವರು ಹಳೆಯ ಸಾಮಾನನ್ನು ಹರಾಜಿಗೆ ಹಾಕಿದಾಗ ಅವರು ಅದನ್ನು ಗುಜರಿಯವರ ಕೈಗೆ ಬೀಳದಂತೆ ಬಿಡಿಸಿಕೊಂಡು ಬಂದಿದ್ದರು. ಅದರಲ್ಲಿ ಹೊಡೆದದ್ದು ಅದರ ಕಾಗದದ ಮೇಲೇ ಬರುವಂತೆ ತಂತಿ ತಿರುಗಿಸಿ ಜೋಡಿಸಿ, ನಿವೃತ್ತಿಯಾದ ಮೇಲೂ ಪ್ರತಿದಿನ ಕಾಫಿಯಾದೊಡನೆ ಒಂದು ಪುಟ ಓಡಿಸುತ್ತಿದ್ದರು. ಒಂದು ದಿನ ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹುಚ್ಚು ಹಿಡಿದು ಮನೆಮನೆಯ ಬಲ್ಬು ಹಾರಿದಾಗ ಇದರ ಮೋಟಾರೂ ಸುಟ್ಟುಹೋಯಿತು. ರಿಪೇರಿಗೆ ಒಯ್ದರೆ ಅಂಗಡಿಯವನು “ಮಿಕ್ಸಿದಾ?” ಎಂದು ಕೇಳಿದ. ಮೇಡಂ ಮೋಟಾರನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದವರು ಮತ್ತೆ ಯಾರ ಕೈಗೂ ಕೊಡಲಿಲ್ಲ.

“ಇನ್ನೊಂದ್ಸಲ ಅದು ಓಡೋದ ಕೇಳ್ಬೇಕು ಕಣ್ಲಾ” ಅಂದರು. “ಮಿಷನ್ ಸತ್ತದೆ. ನಿನ್ ಬಾಯಿ ಬದುಕದೆ. ಮಾಡು.”

“ನಾನು ಕೇಳೇ ಇಲ್ವಲ್ಲ ಮೇಡಂ. ಎಂಗ್ ಮಾಡ್ಲಿ?”

“ನಾನು ಕೇಳೀನಿ. ಸಾಕು.”

ಹೀಗೆ ನನ್ನ ಪಾಠ ಶುರುವಾಯಿತು. ಮೊದಲ ದಿನವೇ ಒಂದು ನಿಯಮ ಹೇಳಿದರು. ಸದ್ದು ಮಾಡುವಾಗ ನಾನು ಗದ್ದವನ್ನು ಟೇಬಲ್ಲಿನ ಹಲಗೆಯ ಮೇಲೆ ಊರಿರಬೇಕು. ನಾನು ಊರಿದೆ. ಎದುರು ತುದಿಯಲ್ಲಿ ಅವರೂ ಬಗ್ಗಿ ತಮ್ಮ ಗದ್ದ ಊರಿದರು. ಸಂತೆಯಲ್ಲಿ ಎದುರುಬದುರು ಇಟ್ಟ ಎರಡು ಕುಂಬಳಕಾಯಿಗಳ ಹಾಗೆ ನಮ್ಮ ತಲೆಗಳು.

“ಇದ್ಯಾಕ್ ಮೇಡಂ ಇಂಗೆ?”

“ರೂಲು.”

ನಾನು ನಂಬಿದೆ. ಸಂಗೀತದವರು ಕೊರಳುಮಟ್ಟ ನೀರಲ್ಲಿ ನಿಂತು ಹಾಡುತ್ತಾರಂತಲ್ಲ, ಇದು ಮಿಮಿಕ್ರಿಯವರ ಗದ್ದಸಾಧನೆ ಇರಬೇಕು ಅಂದುಕೊಂಡೆ. ಯಳಂದೂರಿನ ಒಂದು ಮದುವೆ ಪ್ರೋಗ್ರಾಮಿನಲ್ಲಿ ಹೊಸ ಹುಡುಗನೊಬ್ಬನಿಗೆ ಇದನ್ನು ಗುರುಗಳಿಂದ ಬಂದ ಗುಟ್ಟು ಎಂದು ಹೇಳಿಯೂ ಕೊಟ್ಟೆ. ಅವನು ಈಗಲೂ ಪ್ರೋಗ್ರಾಂ ಶುರುವಾಗುವ ಮುಂಚೆ ಸ್ಪೀಕರ್ ಡಬ್ಬದ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚುತ್ತಾನೆ. ನೋಡಿದವರು ಬಹಳ ಭಕ್ತಿವಂತ ಅನ್ನುತ್ತಾರೆ.

ಪಾಠಕ್ಕೆ ಮೊದಲು ಮೇಡಂ ಕಬ್ಬಿಣದ ಒಂದು ಶ್ರುತಿಕವಲನ್ನು, ಎರಡು ಕಡ್ಡಿಯ ಫೋರ್ಕನ್ನು, ತಮ್ಮ ಮಂಡಿಗೆ ಕುಟ್ಟುತ್ತಿದ್ದರು. ಅದು ‘ಙ್’ ಎನ್ನುವಾಗ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ನಗುತ್ತಿದ್ದರು. ಆಮೇಲೆ, “ಊಂ. ಬಿಡು.”

ನಾನು ಬಿಡುತ್ತಿದ್ದೆ. ತೀರ್ಪು ತಕ್ಷಣ ಬರುತ್ತಿತ್ತು.

“ಇದು ಮಗ್ಗ. ನೇಕಾರರ ಬೀದೀಲಿ ಹುಟ್ದೋನ್ಗೆ ಬೇರೆ ಏನ್ ಬಂದದು?”

ಇನ್ನೊಂದು ಸಲ ಬಿಡುತ್ತಿದ್ದೆ.

“ಇದು ರಾಗಿ ಮಿಲ್ಲು. ಬೆಲ್ಟ್ ಬೇರೆ ಸಡ್ಲ.”

ಆ ಸದ್ದು ಯಾಕೆ ಅಷ್ಟು ಕಷ್ಟ ಎಂದು ನನಗೆ ತಿಳಿಯಲಿ ಎಂದೇ ಮಿಷನ್ನಿನ ಹೊಟ್ಟೆ ಬಿಚ್ಚಿ ತೋರಿಸಿದರು. ಪ್ರತಿ ಅಕ್ಷರಕ್ಕೂ ತಂತಿಯಲ್ಲಿ ಐದು ಮಿಡಿತ. ಒಂದೊಂದರಲ್ಲೂ ಕರೆಂಟು ಇದೆ, ಇಲ್ಲ, ಎರಡೇ ಮಾತು. ಬಂದ ಆ ಐದು ಮಾತಿಗೆ ಐದು ಉಕ್ಕಿನ ಪಟ್ಟಿಗಳು ಅತ್ತ ಇತ್ತ ಜರುಗುತ್ತವೆ. ಪಟ್ಟಿಗಳ ಅಂಚಿನಲ್ಲಿ ಕಚ್ಚುಗಳಿವೆ. ಐದರ ಕಚ್ಚುಗಳೂ ಒಂದೇ ನೇರಕ್ಕೆ ಬರುವ ಜಾಗ ಇಡೀ ಮಿಷನ್ನಿನಲ್ಲಿ ಒಂದೇ ಒಂದು. ಅಲ್ಲಿಗೆ ಒಂದು ಕಡ್ಡಿ ಟಣ್ಣನೆ ಬೀಳುತ್ತದೆ. ಆ ಕಡ್ಡಿಯ ಅಕ್ಷರ ಕಾಗದಕ್ಕೆ ಹೋಗಿ ಬಡಿಯುತ್ತದೆ. ಮೇಡಂ ಮೋಟಾರಿನ ಬದಲು ಕೈಯಿಂದ ಶಾಫ್ಟನ್ನು ತಿರುಗಿಸುತ್ತ ಇದನ್ನು ನಿಧಾನವಾಗಿ ತೋರಿಸಿದಾಗ ನಾನು ಬಗ್ಗಿ ನೋಡಿದೆ. ಒಳಗೆ ಚಿಪ್ಪಿಲ್ಲ, ಬಲ್ಬಿಲ್ಲ, ಎಣ್ಣೆ ಮೆತ್ತಿದ ಕಬ್ಬಿಣ ಅಷ್ಟೇ. ಅದು ಓದು ಕಲಿತಿತ್ತು.

“ಐದು ಬೆರಳು. ಮಡ್ಚು, ಬಿಚ್ಚು. ಲೋಕದ್ ಸಮಾಚಾರೆಲ್ಲ ಇಷ್ಟೇಯ” ಎಂದು ಕೈಯಲ್ಲೂ ಕಲಿಸಿದರು. ಎರಡನೆಯ ಮತ್ತು ನಾಲ್ಕನೆಯ ಬೆರಳು ಎತ್ತಿದರೆ ಆರ್. ಅವೆರಡನ್ನು ಮಡಿಸಿ ಉಳಿದ ಮೂರು ಎತ್ತಿದರೆ ವೈ. ಲೈನು ಚೆನ್ನಾಗಿದೆಯೋ ಇಲ್ಲವೋ ನೋಡಲು ಆಪರೇಟರುಗಳು ಆರ್‌ವೈ ಆರ್‌ವೈ ಎಂದು ಸಾಲುಗಟ್ಟಲೆ ಹೊಡೆಯುತ್ತಿದ್ದರಂತೆ, ನಮ್ಮ ಮೈಕಿನವರು ಹಲೋ ಹಲೋ ಅನ್ನುವ ಹಾಗೆ. ನಾನು ಅದನ್ನು ಬಸ್ಸಿನಲ್ಲಿ ಅಭ್ಯಾಸ ಮಾಡುವಾಗ ಪಕ್ಕದಲ್ಲಿ ಕೂತಿದ್ದ ಮುಳ್ಳೂರಿನ ಒಬ್ಬ ಅಜ್ಜಿ ಮೂರ್ಛೆರೋಗ ಬಂತೆಂದುಕೊಂಡು ನನ್ನ ಕೈಗೆ ಬೀಗದಕೈ ತುರುಕಿ, “ಇಡ್ಕಳಪ್ಪ, ಬುಟ್ಟೋಯ್ತದೆ” ಅಂದಿತು.

ಬೆರಳು ಪಳಗಿದ ಮೇಲೆ ನಮಗೆ ಬೇರೊಂದು ಲಾಭವಾಯಿತು. ಮದುವೆಮನೆಯಲ್ಲಿ ಅವರು ಆ ಸಾಲಿನ ಎಲೆಯಲ್ಲಿ, ನಾನು ಈ ಸಾಲಿನಲ್ಲಿ. ಗಂಡಿನ ಕಡೆಯವರ ಮೂಗು, ಪಾಯಸದ ಗತಿ, ಪುರೋಹಿತರ ಅವಸರ, ಎಲ್ಲವನ್ನೂ ಬೆರಳಲ್ಲೇ ಆಡಿಕೊಳ್ಳುತ್ತಿದ್ದೆವು. ಅವರು ವಧೂವರರನ್ನು ಹರಸುವುದೂ ತಂತಿಯ ಪದ್ಧತಿಯಲ್ಲೇ. ಹಿಂದೆ ಶುಭಾಶಯದ ಟೆಲಿಗ್ರಾಂಗಳಿಗೆಲ್ಲ ಸಿದ್ಧವಾಕ್ಯಗಳಿದ್ದು, ಒಂದೊಂದಕ್ಕೆ ಒಂದೊಂದು ನಂಬರು ಇತ್ತಂತೆ; ದಂಪತಿಗಳು ಬಹುಕಾಲ ಸುಖವಾಗಿ ಬಾಳಲಿ ಎಂಬುದು ಎಂಟನೆಯದು. ಮೇಡಂ ಅಕ್ಷತೆ ಹಾಕಿ “ಎಂಟು” ಎಂದಷ್ಟೇ ಹೇಳಿ ಇಳಿದು ಬರುತ್ತಿದ್ದರು. ಒಬ್ಬ ಮದುಮಗಳು ಮಂಟಪದಲ್ಲೇ ಅಳು ಶುರುಮಾಡಿ, “ಎಂಟೆಲ್ಲ ಆಗಲ್ಲ ಕನವ್ವ, ಎರಡು ಸಾಕು” ಎಂದು ಅವರಮ್ಮನಿಗೆ ಹೇಳಿದ್ದನ್ನು ನಾನು ಇವತ್ತಿಗೂ ಐಟಂ ಆಗಿ ಮಾಡುತ್ತೇನೆ.

ನನಗಿಂತ ದೊಡ್ಡ ಅಣಕದವರು ಅವರೇ. ಕೆಲಸ ಇಲ್ಲದ ಒಂದು ಮಧ್ಯಾಹ್ನ ಎಕ್ಸ್ ಅಕ್ಷರವನ್ನೇ ಸಾಲು ಸಾಲಾಗಿ ಹೊಡೆದು, ಮಧ್ಯೆ ಜಾಗ ಬಿಟ್ಟು, ಮೇಲಿನ ಆಫೀಸಿನ ಸಾಹೇಬರ ಚಿತ್ರವನ್ನು ಮಾಡಿದರಂತೆ. ಹೊಟ್ಟೆ, ಬೋಳುತಲೆ, ಕಂಕುಳಲ್ಲಿ ಫೈಲು, ಒಂದೂ ಬಿಟ್ಟಿರಲಿಲ್ಲ. ಅದನ್ನು ಗೆಳತಿಯೊಬ್ಬಳಿಗೆಂದು ಲೈನಿನಲ್ಲಿ ಬಿಟ್ಟರೆ ಆ ಕಡೆ ಮಿಷನ್ನಿನ ಮುಂದೆ ಗೆಳತಿಯ ಬದಲು ಸಾಹೇಬರೇ ನಿಂತಿದ್ದರು. ಸಾಲುಸಾಲಾಗಿ ತಮ್ಮದೇ ಹೊಟ್ಟೆ ಹೊರಬರುವುದನ್ನು ಪೂರ್ತಿ ನೋಡಿ, ಕಾಗದ ಹರಿದುಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: “ಯಾವ ದೇವ್ರಮ್ಮ ಇದು?” ಗೆಳತಿ ಗಣೇಶ ಅಂದಳು. ಸಾಹೇಬರು ಅದಕ್ಕೆ ಗಾಜು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿಸಿದರು.

“ನೀನು ಬಾಯಲ್ ಮಾಡ್ತೀಯ. ನಾನು ಎಕ್ಸಲ್ಲಿ. ನಂದಕ್ಕೆ ಊದುಬತ್ತಿ ಬಿತ್ತು. ನಿಂದಕ್ಕೆ?” ಎಂದು ಕೇಳುತ್ತಿದ್ದರು.

ಮಿಷನ್ನಿನಲ್ಲಿ ನನ್ನನ್ನು ಕೆಣಕಲು ಅವರು ಬಳಸುತ್ತಿದ್ದ ಭಾಗ ಇನ್ನೊಂದಿತ್ತು. ಕೀಲಿಮಣೆಯಲ್ಲಿ ‘ನೀನ್ಯಾರು’ ಎಂದು ಕೇಳುವುದಕ್ಕೇ ಒಂದು ಗುಂಡಿ. ಮೈಸೂರಿನವರು ಅದನ್ನು ಒತ್ತಿದರೆ ಇಲ್ಲಿ ಆಪರೇಟರ್ ಇರಲಿ ಬಿಡಲಿ, ಮಿಷನ್ನಿನೊಳಗಿನ ಒಂದು ಪುಟ್ಟ ಉರುಳೆ ಒಂದು ಸುತ್ತು ತಿರುಗಿ ‘ಕೊಳ್ಳೇಗಾಲ’ ಎಂದು ಉತ್ತರ ಕಳಿಸುತ್ತಿತ್ತು. ಉರುಳೆಯ ಸುತ್ತ ಹಲ್ಲಿನ ಸಾಲುಗಳು. ಊರಿನ ಹೆಸರಿಗೆ ತಕ್ಕಂತೆ ಕೆಲವನ್ನು ಇಕ್ಕಳದಲ್ಲಿ ಮುರಿದಿರುತ್ತಾರೆ.

“ಅಲ್ಲು ಮುರಿದ್ಮೇಲೇ ಅದ್ಕೆ ಎಸ್ರು ಬಂದದ್ದು. ನಿಂಗೂ ಒಂದೆರಡು ಮುರೀಬೇಕು. ನೀನ್ಯಾರು ಅಂತ ಒತ್ತಿದ್ರೆ ಒಳಗಿಂದ ಇಡೀ ಬೀದಿ ಬಡ್ಕತದೆ.”

“ಒತ್ತಿ ನೋಡವಾ ಮೇಡಂ, ಮೋಟ್ರಿದ್ದಿದ್ರೆ.”

“ನೀನೇ ಒತ್ಕಂಡ್ರೆ ಎಸ್ರು ಏಳಲ್ಲ. ತನ್ನ ತಾನು ಕೇಳ್ಕಂಡ್ರೆ ಸುಮ್ಕಿರ್ತದೆ. ಬೇರೇರು ಕೇಳ್ಬೇಕು.”

ಇನ್ನು ಟೇಬಲ್ ತಟ್ಟುವ ಸಂಗತಿ. ಆ ಮನೆಗೆ ಯಾರು ಬಂದರೂ, ಹಾಲಿನವನು, ಸೊಪ್ಪಿನವಳು, ನಮ್ಮವ್ವ, ಮಾತಿಗೆ ಮೊದಲು ಆ ಟೇಬಲ್ಲಿನ ಹಲಗೆಯನ್ನು ಬೆರಳಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು. ಆಮೇಲೆ ಮೇಡಂ ತಲೆ ಎತ್ತುತ್ತಿದ್ದರು. ಸರ್ಕಾರಿ ಅಧಿಕಾರಿಗೆ ಸಲ್ಲಿಸುವ ಮರ್ಯಾದೆ ಇದು ಅಂದುಕೊಂಡು ನಾನೂ ತಟ್ಟುತ್ತಿದ್ದೆ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಹನೂರಿನಲ್ಲಿ ಒಂದು ಆಫೀಸಿಗೆ ಏನೋ ಸರ್ಟಿಫಿಕೇಟಿಗೆಂದು ಹೋದವನು ಬಹಳ ವಿನಯದಿಂದ ಗುಮಾಸ್ತರ ಮೇಜನ್ನು ಎರಡು ಸಲ ತಟ್ಟಿದೆ.

ಅವರು ಕನ್ನಡಕ ತೆಗೆದರು. “ಏನ್ರಿ, ಓಟ್ಲು ಅಂದ್ಕಂಡ್ರಾ?”

“ಮರ್ವಾದೆ ಸಾ.”

“ಓಗ್ರಿ ಆಚೆಗೆ. ಮರ್ವಾದೆಯಂತೆ.”

ಮನೆಗೆ ಬಂದು ಇದನ್ನು ಗುಮಾಸ್ತರ ದನಿಯಲ್ಲೇ ಅವ್ವನಿಗೆ ಮಾಡಿ ತೋರಿಸಿದೆ. ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ನನ್ನನ್ನು ವಿಚಿತ್ರವಾಗಿ ನೋಡಿದಳು.

“ಅಲ್ಲ ಕಣ್ಲಾ, ಅಕ್ಕನ್ಗೆ ಕಿವಿ ಕೇಳಲ್ಲ ಅಂತ ನಿಂಗ್ ಗೊತ್ತಿಲ್ವಾ?”

“ಯಾರಿಗೆ?”

“ತಂತಿ ಅಕ್ಕನ್ಗೆ. ಬೀದಿಗೆಲ್ಲಾ ಗೊತ್ತು. ಬಾಯಿ ನೋಡ್ಕಂಡು ಮಾತಾಡ್ತಾರೆ. ಗಾಳೀಲಿ ಬಂದದ್ದು ಕೇಳಲ್ವಂತೆ, ಮೂಳೇಲಿ ಬಂದ್ರೆ ಒಸಿ ಕೇಳ್ತದಂತೆ. ಅದ್ಕೇ ಎಲ್ರೂ ಟೇಬಲ್ ತಟ್ಟದು. ಮಣಕೈ ಊರ್ಕಂಡಿರ್ತಾರಲ್ಲ, ಅದ್ರಲ್ಲಿ ತಿಳೀತದೆ.”

ನಾನು ಗೋಡೆಗೆ ಒರಗಿದೆ. ಕಿವಿಯನ್ನೇ ಬಂಡವಾಳ ಮಾಡಿಕೊಂಡು ತಿರುಗುವವನು, ಒಬ್ಬರ ಕೆಮ್ಮು ಕೇಳಿ ಅವರ ಮನೆತನ ಹೇಳುವವನು, ಎದುರಿಗೆ ಕೂತವರಿಗೆ ಕೇಳಿಸುವುದಿಲ್ಲ ಎಂಬುದನ್ನು ತಿಳಿಯದ ಬೀದಿಯ ಏಕೈಕ ಪ್ರಾಣಿ ನಾನಾಗಿದ್ದೆ. ತಡವಾಗಿ ಬಂದ ನಗು, ಮೂಳೆಗೆ ಒತ್ತಿದ ಫೋರ್ಕು, ಏರಿಳಿವಿಲ್ಲದ ದನಿ, ಬೆರಳಿನ ಮಾತು, ಎಲ್ಲ ನೆನಪಾಯಿತು. ಗದ್ದಸಾಧನೆಯೂ. ನನ್ನ ದವಡೆಯಿಂದ ಹಲಗೆಗೆ, ಹಲಗೆಯಿಂದ ಅವರ ದವಡೆಗೆ. ಸದ್ದು ಅವರನ್ನು ತಲುಪಲು ಬೇರೆ ದಾರಿಯೇ ಇರಲಿಲ್ಲ. ನಾನು ಅದನ್ನು ಗುರುಗಳ ಗುಟ್ಟು ಎಂದು ಯಳಂದೂರಿನಲ್ಲಿ ಹಂಚಿ ಬಂದಿದ್ದೆ.

“ಕಿವಿಗೆ ಮಿಷನ್ ಆಕ್ಕಳಿ ಅಕ್ಕ ಅಂದೆ” ಅವ್ವ ಹೇಳಿದಳು. “ನಂಗೊಂದ್ ಮಿಷನ್ ಅದೆ ಅಂತ ಆ ಟಕಟಕನ್ನ ತೋರ್ಸುದ್ರು. ಅದರ್ ಮೇಲೆ ಗದ್ದ ಇಟ್ರೆ ಒಂದೊಂದಕ್ಷರಾನೂ ಕೇಳ್ತಿತ್ತಂತೆ. ಈಗ ಮೂಳೇಲಿ ಕೇಳೋದೂ ಕಮ್ಮಿ ಆಯ್ತಾ ಅದೆ ಅಂತ ಡಾಕ್ಟ್ರು ಏಳವ್ರೆ. ಅದ್ಕೇ ಅವ್ರಿಗೆ ಆತ್ರ. ನೀನ್ ನೋಡುದ್ರೆ ರಾಗಿ ಮಿಲ್ಲು ಬುಡ್ತಾ ಕುಂತಿದೀಯೆ.”

ಮಾರನೆಯ ದಿನ ಮೇಡಮ್ಮಿನ ಟೇಬಲ್ ತಟ್ಟಿ, ಮೋಟಾರು ಕೊಡಿ, ಕುಂತೂರಿನಲ್ಲಿ ಒಬ್ಬ ವೈಂಡಿಂಗ್ ಮಾಡುವವನಿದ್ದಾನೆ ಎಂದೆ. ಮುಖ ನೋಡಿದೊಡನೆ ಅವರಿಗೆ ಅರ್ಥವಾಯಿತು.

“ನಿಮ್ಮವ್ವ ಬಾಯ್ಬುಟ್ಳಾ?”

“ಊಂ.”

“ಬರೀ ಕಿವಿ ನಂಬ್ಕಂಡು ಒಟ್ಟೆ ಒರೀತೀಯ. ಕಣ್ಣೂ ಬಿಡು ಒಸಿ.” ಆಮೇಲೆ ಒಳಗಿಂದ ಮೋಟಾರು ತಂದು ನನ್ನ ಕೈಗಿಟ್ಟರು. “ಅವ್ನು ಮಿಕ್ಸಿ ಅಂದ್ರೆ ವಾಪಸ್ ತಕಂಬಾ.”

ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ವೈಂಡಿಂಗ್ ಅಂಗಡಿಯಲ್ಲಿ ಕೊಳವೆಬಾವಿಯ ಮೋಟಾರುಗಳು ಬಾಣಂತಿಯರ ಹಾಗೆ ಮಲಗಿದ್ದವು. ಅಂಗಡಿಯವನು ನನ್ನ ಪೊಟ್ಟಣ ಬಿಚ್ಚಿ ನೋಡಿದ.

“ಏನ್ಲಾ ಇದು, ಮಿ—”

“ಅಣ್ಣ, ಆ ಮಾತೊಂದ್ ಬ್ಯಾಡ.”

“ಸರಿ ಬುಡು. ಇದು ತಿರುಗಿದ್ರೆ ಏನ್ ಬತ್ತದೆ? ನೀರಾ?”

“ಅಕ್ಷರ ಬತ್ತದೆ.”

ಅವನು ಬೀಡಿ ಕೆಳಗಿಟ್ಟ. “ಯಾರ್ಗ್ ಏಳ್ತೀಯ? ನಮ್ ಗದ್ದೆಗ್ ನೀರ್ ಎತ್ತಕ್ಕೇ ಐದ್ ಎಚ್‌ಪಿ ಬೇಕು.”

“ಬೇಕಾದ್ರೆ ನೀನೇ ಬಂದು ನೋಡು.”

ನೋಡಲೆಂದೇ ಅವನು ಕಟ್ಟಿದ. ಕೂದಲಿನಷ್ಟು ಸಣ್ಣ ತಂತಿ ಎರಡು ಸಲ ಹರಿಯಿತು, ಎರಡು ಸಲವೂ ನನ್ನ ವಂಶವನ್ನು ಬೈದ. ಕೊನೆಗೆ ಒಂದು ಭಾನುವಾರ ಮೋಟಾರನ್ನು ಟವಲಿನಲ್ಲಿ ಸುತ್ತಿಕೊಂಡು ತಾನೇ ಕೊಳ್ಳೇಗಾಲಕ್ಕೆ ಬಂದ. ಅವ್ವ ಕೈ ಒರೆಸಿಕೊಂಡು ಬಂದಳು. ಮೇಡಂ ಅಂದು ಒಳ್ಳೆಯ ಸೀರೆ ಉಟ್ಟಿದ್ದರು. ಮೋಟಾರನ್ನು ತಾವೇ ಕೂರಿಸಿ, ಸ್ಕ್ರೂ ಬಿಗಿದು, ಸ್ವಿಚ್ಚಿನ ಮೇಲೆ ಕೈ ಇಟ್ಟರು. ಕೇಳಿಸದೆ ಹೋದರೆ ಎಂಬ ಯೋಚನೆ ಆ ಕೋಣೆಯಲ್ಲಿ ಎಲ್ಲರಿಗೂ ಇತ್ತು, ಕುಂತೂರಿನವನೊಬ್ಬನನ್ನು ಬಿಟ್ಟು. ಅವನಿಗೆ ಅಕ್ಷರದ ಯೋಚನೆ.

ಸ್ವಿಚ್ಚು ಬಿತ್ತು. ಮಿಷನ್ನು ಒಂದು ಸಲ ಗೊರಕೆ ಹೊಡೆದು, ಓಡತೊಡಗಿತು.

ಮೇಡಂ ಗದ್ದ ಊರಲಿಲ್ಲ. ಮೊದಲು ಫೋರ್ಕನ್ನು ಮಂಡಿಗೆ ಕುಟ್ಟಿ ಕಣ್ಣಿನ ಮುಂದೆ ಹಿಡಿದರು. ಮೋಟಾರಿನ ಚಕ್ರದ ಮೇಲೆ ಕಪ್ಪುಬಿಳುಪು ಪಟ್ಟೆಗಳು. ಅದುರುವ ಫೋರ್ಕಿನ ತುದಿಯಲ್ಲಿ ಎರಡು ತಗಡುಗಳು, ತಗಡುಗಳ ನಡುವೆ ಕೂದಲೆಳೆಯ ಸೀಳು. ಅದರ ಮೂಲಕ ನೋಡಿದಾಗ ಓಡುತ್ತಿರುವ ಪಟ್ಟೆಗಳು ನಿಂತ ಹಾಗೆ ಕಂಡರೆ ವೇಗ ಸರಿ ಎಂದು ಅರ್ಥ. ನನಗೂ ತೋರಿಸಿದರು. ಅಷ್ಟು ಜೋರಾಗಿ ತಿರುಗುತ್ತಿದ್ದ ಚಕ್ರ ಬೆಕ್ಕಿನಂತೆ ಸುಮ್ಮನೆ ಕೂತಿತ್ತು. ಮೇಡಂ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು, ಮತ್ತೆ ನೋಡಿದರು, ಫೋರ್ಕು ಕೆಳಗಿಟ್ಟರು.

“ಒಡಿ” ಅಂದು, ಬಗ್ಗಿ, ಮಿಷನ್ನಿನ ಮುಚ್ಚಳದ ಮೇಲೆ ಗದ್ದ ಊರಿ ಕಣ್ಣು ಮುಚ್ಚಿದರು.

ನಾನು ಒಂದು ಬೆರಳಿನಲ್ಲಿ ಆರ್ ಹೊಡೆದೆ. ವೈ ಹೊಡೆದೆ. ಮೇಡಮ್ಮಿನ ಮುಖದಲ್ಲಿ ಏನೂ ಇಲ್ಲ. ಮತ್ತೆ ಹೊಡೆದೆ. ಅವ್ವ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಮೇಡಂ ಗದ್ದವನ್ನು ತುಸು ಎಡಕ್ಕೆ ಸರಿಸಿ, ಮೊಳೆ ನೆಟ್ಟ ಹಾಗೆ ಒತ್ತಿದರು.

“ಎರಡ್ನೇ ವೈ ಅರ್ಧ ಒತ್ತಿದೆ” ಅಂದರು. “ತಿಂಡಿ ತಿಂದಿಲ್ವಾ?”

ಅವ್ವ ಮೂಗು ಸೀಟಿದಳು. ನಾನು ನನಗೆ ತೋಚಿದ್ದೆಲ್ಲ ಹೊಡೆದೆ, ಅವರು ಕಣ್ಣು ಮುಚ್ಚಿಕೊಂಡೇ ಓದಿ ಹೇಳಿದರು. ಬೆರಳ ಭಾಷೆಯಲ್ಲಿ ಅವರು ಕಲಿಸಿದ್ದ ಒಂದು ಬೈಗುಳವನ್ನು ಹೊಡೆದೆ. ಅದನ್ನು ಮಾತ್ರ ಗಟ್ಟಿಯಾಗಿ ಓದಲಿಲ್ಲ. ಕಾಲಿನಲ್ಲಿ ನನ್ನ ಕಾಲನ್ನು ತುಳಿದರು.

ಕುಂತೂರಿನವನು ಹೊರಬರುತ್ತಿದ್ದ ಕಾಗದವನ್ನು ನೋಡಿ, “ಬತ್ತಾ ಅದೆ ಕಣ್ಲಾ” ಎಂದು ಪಿಸುಗುಟ್ಟಿ, ಮೇಡಮ್ಮಿನ ಪಕ್ಕದಲ್ಲಿ ತಾನೂ ಮುಚ್ಚಳದ ಮೇಲೆ ಗದ್ದ ಊರಿದ. ಅವ್ವನೂ ಬಗ್ಗಿದಳು. ಮೂರು ಗದ್ದ ಸಾಲಾಗಿ ಕೂತವು.

“ನೂಕ್ಬೇಡಿ” ಅಂದರು ಮೇಡಂ. “ಜಾಗ ಅದೆ.”

ಅವರ ಕೆನ್ನೆ ಮಿಷನ್ನಿನ ಜೊತೆ ಅದುರುತ್ತಿತ್ತು. ಪುಟ ಮುಗಿಯುವವರೆಗೂ ಏಳಲಿಲ್ಲ. ಎದ್ದ ಮೇಲೆ ಗದ್ದದ ಮೇಲೆ ಎಣ್ಣೆಯ ಒಂದು ಕಪ್ಪು ಗೆರೆ ಮೂಡಿತ್ತು.

“ಇದು ಕಣ್ಲಾ” ಅಂದರು. “ನೀನ್ ಮಾಡ್ತಿದ್ದದ್ದು ಮಗ್ಗವೇಯ.”

ಆಮೇಲೆ ಒಂದು ಮಳೆಗಾಲ, ಒಂದು ಚಳಿಗಾಲ ಅವರು ದಿನಾ ಕಾಫಿಯಾದ ಮೇಲೆ ಒಂದು ಪುಟ ಕೇಳಿದರು. ಕೊನೆಕೊನೆಗೆ ಗದ್ದ ಸಾಲದೆ ಹಣೆ ಇಡುತ್ತಿದ್ದರು. ಒಂದು ಬೆಳಗ್ಗೆ ಹಾಲಿನವನು ಟೇಬಲ್ ತಟ್ಟಿದಾಗ ತಲೆ ಎತ್ತಲಿಲ್ಲ. ಮೋಟಾರು ಓಡುತ್ತಲೇ ಇತ್ತು ಎಂದು ಅವನು ಹೇಳುತ್ತಾನೆ. ಅವರ ತಂಗಿಯ ಮಗಳು ಸಾಮಾನು ಹಂಚುವಾಗ, “ಟೆಲಿಪ್ರಿಂಟರ್ ಕೋತಿಗೆ ಅಂದಿದ್ರು ದೊಡ್ಡಮ್ಮ, ಯಾರು ಕೋತಿ?” ಎಂದು ಕೇಳಿದಳು. ಇಡೀ ಬೀದಿ ನನ್ನ ಕಡೆ ಕೈ ತೋರಿಸಿತು.

ಈಗ ಅದು ನಮ್ಮ ನಡುಮನೆಯಲ್ಲಿ, ಅದೇ ಟೇಬಲ್ಲಿನ ಮೇಲೆ, ಅದೇ ಸೀರೆ ಹೊದ್ದು ಕೂತಿದೆ. “ಕುಕ್ಕರ್ ಕೂಗಿದ್ದೂ ಕೇಳಲ್ಲ” ಎಂದು ಅವ್ವ ದಿನಾ ಗೊಣಗುತ್ತಾಳೆ. ಹೋದ ವಾರ ಅಂಗಡಿಗೆ ರಜ. ಸೀರೆ ತೆಗೆದು ಹೆಗಲಿಗೆ ಹಾಕಿಕೊಂಡು, ಮಿಷನ್ನು ಓಡಿಸಿ, ಮುಚ್ಚಳದ ಮೇಲೆ ಗದ್ದ ಊರಿ, ಆರ್‌ವೈ ಹೊಡೆಯುತ್ತ ಕೂತೆ. ದವಡೆಯೊಳಗೆಲ್ಲ ಕಬ್ಬಿಣ ಓಡಾಡುತ್ತಿತ್ತು. ಸುಮ್ಮನೆ ‘ನೀನ್ಯಾರು’ ಗುಂಡಿಯನ್ನೂ ಒತ್ತಿದೆ. ಅವರು ಹೇಳಿದ್ದ ಹಾಗೆ, ಉತ್ತರ ಬರಲಿಲ್ಲ.

ಅವ್ವ ಅಡಿಗೆಮನೆಯಿಂದ ಏನೋ ಕೂಗಿರಬೇಕು. ನನಗೆ ಕೇಳಿಸಲಿಲ್ಲ. ತಲೆ ಹೊರಳಿಸಿದಾಗ ಬಾಗಿಲಲ್ಲಿ ನಿಂತಿದ್ದಳು. ಹೆಗಲ ಮೇಲಿನ ಸೀರೆ, ಮುಚ್ಚಳದ ಮೇಲಿನ ಗದ್ದ ನೋಡಿ ಅವಳ ತುಟಿ ಅಲ್ಲಾಡಿತು. ತುಟಿಯಲ್ಲೇ ಓದಿಕೊಂಡೆ: “ಯಾರದು?”

ತಮಾಷೆಗೆ ಬಾಯಿ ತೆರೆದೆ.

“ಕೊಳ್ಳೇಗಾಲ. ಏನದು ಏಳು.”

ಮಿಷನ್ನಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಗಂಟಲಿಗೆ ಮಾತ್ರ ಗೊತ್ತಾಯಿತು, ಅದು ಎಲ್ಲೂ ಏರಲಿಲ್ಲ, ಎಲ್ಲೂ ಇಳಿಯಲಿಲ್ಲ. ಗೂಟದ ಪಕ್ಕ ಗೂಟ.

ಅವ್ವನ ಕೈಯಲ್ಲಿದ್ದ ಸೌಟು ಕೆಳಗಿಳಿಯಿತು. ನಿಧಾನವಾಗಿ ಹತ್ತಿರ ಬಂದು, ಮಾತಿಗೆ ಮೊದಲು, ಬೆರಳಗೆಣ್ಣಿನಿಂದ ಟೇಬಲ್ಲನ್ನು ಎರಡು ಸಲ ತಟ್ಟಿದಳು.

ಗದ್ದಕ್ಕೆ ಕೇಳಿಸಿತು.